ಒಬ್ಬಳೇ ಹೋದೆ, ಒಬ್ಬಳೇ ಉಣ್ಣಲಿಲ್ಲ

ಹಲಗೂರು

ಲಾವೋಸ್ ಎಲ್ಲಿದೆ ಎಂದು ನಮ್ಮ ಹಲಗೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಅಷ್ಟಕ್ಕಷ್ಟೇ. ಆದರೆ ಟಿಕೆಟ್ ಮಾಡಿಸಿದವಳು ಗೊತ್ತಿಲ್ಲ ಎನ್ನುವ ಹಾಗಿಲ್ಲವಲ್ಲ. ಕೇಳಿದವರಿಗೆಲ್ಲ ಥಾಯ್ಲೆಂಡಿನ ಪಕ್ಕದ ಮನೆ ಎಂದು ಹೇಳಿ ಸುಮ್ಮನಾಗಿಸುತ್ತಿದ್ದೆ.

ನಾನು ಸರ್ಕಾರಿ ಶಾಲೆಯ ಗಣಿತದ ಟೀಚರು. ವಯಸ್ಸು ನಲವತ್ತೊಂಬತ್ತು. ಮದುವೆಯಾಗಲಿಲ್ಲ, ಅದರ ಹಿಂದೆ ಕಥೆಯೂ ಇಲ್ಲ, ಕಣ್ಣೀರೂ ಇಲ್ಲ. ಅಣ್ಣ, ಅತ್ತಿಗೆ, ಅವ್ವನ ಜೊತೆಗಿದ್ದೇನೆ. ಒಂದು ಸಲ, ಒಂದೇ ಒಂದು ಸಲ, ಯಾರ ಕೈಯನ್ನೂ ಹಿಡಿಯದೆ ಬೇರೆ ದೇಶ ನೋಡಿ ಬರಬೇಕು ಅನ್ನುವ ಆಸೆ ನನಗೆ ಇಪ್ಪತ್ತು ವರ್ಷದಿಂದ ಇತ್ತು. ಕೈಯಲ್ಲಿದ್ದ ದುಡ್ಡು ಕಡಿಮೆ, ರಜ ಸಿಗುವುದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಟಿಕೆಟ್ ಅಗ್ಗವಾಗಿ ಸಿಗುವುದು ಯಾರೂ ಹೋಗಲು ಒಪ್ಪದ ಕಡೆಗೆ. ಹೀಗೆ ಲಾವೋಸ್ ನನ್ನ ಪಾಲಿಗೆ ಬಂತು.

"ಏಪ್ರಿಲ್‌ನಲ್ಲಿ ಅಲ್ಲಿ ಕೆಂಡದಂಥ ಬಿಸಿಲಂತೆ ಮೇಡಂ" ಎಂದರು ಸೋಮನಹಳ್ಳಿಯಿಂದ ಓಡಾಡುವ ನಮ್ಮ ಶಾಲೆಯ ಮೇಷ್ಟ್ರು. ಮಂಡ್ಯ ಜಿಲ್ಲೆಯವಳಿಗೆ ಬಿಸಿಲಿನ ಹೆದರಿಕೆ ಹಾಕುತ್ತೀರಾ ಎಂದು ನಾನು ಜೋರಾಗಿ ನಕ್ಕೆ. ಆ ನಗುವಿಗೆ ಆಮೇಲೆ ತಕ್ಕ ಶಾಸ್ತಿಯಾಯಿತು, ಅದನ್ನು ಮುಂದೆ ಹೇಳುತ್ತೇನೆ. ಪಾಪ, ಅವರೇ ಹೊರಡುವ ಹಿಂದಿನ ದಿನ ಮದ್ದೂರು ವಡೆಯ ದೊಡ್ಡ ಪೊಟ್ಟಣ ತಂದುಕೊಟ್ಟರು.

ವಿಷಯ ಕೇಳಿ ಅಣ್ಣ ಎರಡು ದಿನ ಮಾತು ಬಿಟ್ಟ. ಅತ್ತಿಗೆ ಮಾತ್ರ ಬಾಯಿಗೆ ಸೆರಗು ಮುಚ್ಚಿ ಕೇಳಿದರು.

"ಅಲ್ಲೇನೈತೆ ರತ್ನ?"

"ಗೊತ್ತಿಲ್ಲ ಅತ್ತಿಗೆ. ಅದ್ಕೇ ಓಯ್ತಾ ಇರೋದು."

ಎಲ್ಲರೂ ಕಾದದ್ದು ಅವ್ವನ ಮಾತಿಗೆ. ಅವ್ವನಿಗೆ ಎಪ್ಪತ್ತಾರು. ನಮ್ಮ ಮನೆಯಲ್ಲಿ ಅವಳು ಬೇಡ ಎಂದರೆ ಬೇಡ, ಅದರ ಮೇಲೆ ಮೇಲ್ಮನವಿ ಇಲ್ಲ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ.

"ಓಗು ಮಗ. ನಾ ಬ್ಯಾಡ ಅನ್ನಾಕಿಲ್ಲ. ಆದ್ರೆ ಒಂದೊತ್ತೂ ಒಬ್ಳೇ ಕೂತ್ಕಂಡು ಉಣ್ಣಕೂಡದು. ಒಬ್ಳೇ ಉಂಡ್ರೆ ಅನ್ನ ಗಂಟ್ಲಲ್ಲಿ ಇಳಿಯಾಕಿಲ್ಲ ಕಣವ್ವ, ನಂಗೊತ್ತು. ಒಂದೊತ್ತು ಒಬ್ಳೇ ಉಂಡೆ ಅಂತ ಗೊತ್ತಾದ್ರೆ ಇದೇ ಮೊದ್ಲು, ಇದೇ ಕೊನೆ. ನನ್ ಮುಟ್ಟಿ ಯೋಳು."

ಮುಟ್ಟಿ ಹೇಳಿದೆ. ಆಣೆ ಪ್ರಮಾಣಗಳಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಅವ್ವನಿಗೆ ಸುಳ್ಳು ಹೇಳಲು ಇವತ್ತಿನವರೆಗೆ ನನ್ನಿಂದ ಆಗಿಲ್ಲ. ನನ್ನ ಮುಖ ನೋಡಿದರೆ ಅವಳಿಗೆ ತಿಳಿದುಬಿಡುತ್ತದೆ. ಅಲ್ಲಿಗೆ ನನ್ನ ಮುಂದಿನ ಪ್ರಯಾಣಗಳೆಲ್ಲ ಒಂದೊಂದು ಹೊತ್ತಿನ ಊಟಕ್ಕೆ ತಗಲಿಹಾಕಿಕೊಂಡವು.

ಕನಕಪುರದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಒಬ್ಬಳೇ ಉಣ್ಣುವುದು ಎಂದರೇನು? ಪಕ್ಕದಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರೆ ಅದು ಜೊತೆಯೇ? ಗಣಿತದವಳಿಗೆ ವ್ಯಾಖ್ಯೆಯಿಲ್ಲದೆ ನಿದ್ದೆ ಬರುವುದಿಲ್ಲ. ಕೊನೆಗೆ ಟಿಕೆಟ್ಟಿನ ಹಿಂದೆ ಬರೆದುಕೊಂಡೆ: ಜೊತೆಯವರೂ ಉಣ್ಣುತ್ತಿರಬೇಕು, ನಾನು ಉಣ್ಣುವ ಹೊತ್ತಿಗೇ ಉಣ್ಣುತ್ತಿರಬೇಕು, ನಾನು ಉಣ್ಣುತ್ತಿದ್ದೇನೆಂದು ಅವರಿಗೆ ತಿಳಿದಿರಬೇಕು. ಇಷ್ಟಿದ್ದರೆ ಪಾಸು. ವಿಮಾನದಲ್ಲಿ ಪಕ್ಕದ ಸೀಟಿನ ಹೆಂಗಸು ಚಪಾತಿಯ ಸುರುಳಿ ಬಿಚ್ಚುವವರೆಗೆ ನಾನೂ ನನ್ನ ಚಿತ್ರಾನ್ನದ ಡಬ್ಬಿ ತೆರೆಯಲಿಲ್ಲ. ಅವಳು ಬಿಚ್ಚಿದ್ದೇ ತಡ, "ನಾನೂ ತಿಂತಾ ಇದೀನಿ" ಎಂದು ಡಬ್ಬಿ ಎತ್ತಿ ತೋರಿಸಿದೆ. ಅವಳು ಸ್ವಲ್ಪ ಆ ಕಡೆ ಸರಿದು ಕೂತಳು.

ವಿಯೆಂಟಿಯಾನ್

ಬ್ಯಾಂಕಾಕಿನಲ್ಲಿ ಇಳಿದು, ರೈಲಿನಲ್ಲಿ ಗಡಿಗೆ ಬಂದು, ಮೆಕಾಂಗ್ ಹೊಳೆಯ ಸೇತುವೆಯನ್ನು ಬಸ್ಸಿನಲ್ಲಿ ದಾಟಿದರೆ ವಿಯೆಂಟಿಯಾನ್. ಒಂದು ದೇಶದ ರಾಜಧಾನಿ, ಆದರೆ ಮಧ್ಯಾಹ್ನದ ಹೊತ್ತು ನಮ್ಮ ಮಳವಳ್ಳಿಯಲ್ಲೇ ಇದಕ್ಕಿಂತ ಹೆಚ್ಚು ಹಾರ್ನ್ ಕೇಳಿಸುತ್ತದೆ. ಅಲ್ಲಿ ಯಾರೂ ಹಾರ್ನ್ ಮಾಡುವುದಿಲ್ಲ. ಮುಂದಿನವನು ತಾನಾಗಿ ಸರಿಯುವವರೆಗೆ ಹಿಂದಿನವನು ಸುಮ್ಮನೆ ನಿಂತಿರುತ್ತಾನೆ. ನಮ್ಮ ಕಡೆ ಹೀಗೆ ನಿಂತರೆ ಗಾಡಿ ಕೆಟ್ಟಿದೆ ಎಂದುಕೊಂಡು ನಾಲ್ಕು ಜನ ತಳ್ಳಲು ಬರುತ್ತಾರೆ.

ಆ ಸೌಜನ್ಯವೇ ನನಗೆ ಮೊದಲ ಅಡ್ಡಿಯಾಯಿತು. ರಸ್ತೆ ಬದಿಯ ಅಂಗಡಿಯಲ್ಲಿ ಅಕ್ಕಿ ಶಾವಿಗೆಯ ಸಾರು ತೆಗೆದುಕೊಂಡೆ. ನಮ್ಮ ಒತ್ತು ಶಾವಿಗೆಯನ್ನು ಕೋಳಿ ಸಾರಿನಲ್ಲಿ ಮುಳುಗಿಸಿದ ಹಾಗೆ, ಮೇಲೊಂದು ಬುಟ್ಟಿ ಹಸಿ ಸೊಪ್ಪು. ಎಲ್ಲ ಮೇಜುಗಳಲ್ಲೂ ಇಬ್ಬಿಬ್ಬರು, ಮೂವರು ಕೂತಿದ್ದರು. ಒಬ್ಬರೇ ಇದ್ದದ್ದು ಒಬ್ಬ ಮುದುಕರು. ಬಟ್ಟಲು ಹಿಡಿದು ಹೋಗಿ ಅವರೆದುರು ಕೂತೆ. ಅವರು ನನ್ನನ್ನು ನೋಡಿ, ಕೈ ಮುಗಿದು, ನನಗೆ ಪೂರ್ತಿ ಮೇಜು ಬೇಕಿದೆ ಎಂದುಕೊಂಡು ತಮ್ಮ ಬಟ್ಟಲು ಎತ್ತಿಕೊಂಡು ಆಚೆ ಮೇಜಿಗೆ ಹೋದರು. ನಾನೂ ಎದ್ದು ಹಿಂದೆಯೇ ಹೋದೆ. ಅವರು ಇನ್ನೊಮ್ಮೆ ಕೈ ಮುಗಿದು ಇನ್ನೊಂದು ಮೇಜಿಗೆ ಹೋದರು. ಮೂರನೆಯ ಸಲ ನಾನು ಏಳುವಷ್ಟರಲ್ಲಿ ಅವರು ನಿಂತುಕೊಂಡೇ ಸಾರು ಕುಡಿದು ಮುಗಿಸಿ ಹೊರಟುಹೋದರು. ನನ್ನ ಶಾವಿಗೆ ತಣ್ಣಗಾಯಿತು. ಬಟ್ಟಲು ಹಾಗೇ ಬಿಟ್ಟು ಹಸಿದುಕೊಂಡು ಲಾಡ್ಜಿಗೆ ಬಂದೆ.

ಲಾಡ್ಜಿನ ಮುಂಬಾಗಿಲಲ್ಲಿ ಕೂರುವ ಹುಡುಗಿಗೆ ನನ್ನಷ್ಟೇ ಇಂಗ್ಲಿಷ್ ಬರುತ್ತಿತ್ತು, ಅಂದರೆ ಇಬ್ಬರಿಗೂ ಸಾಕಾಗುವಷ್ಟು. ಕಷ್ಟ ಹೇಳಿಕೊಂಡೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು, ಆಮೇಲೆ ಒಂದು ರಟ್ಟಿನ ಚೂರಿನ ಮೇಲೆ ಲಾವೋ ಭಾಷೆಯಲ್ಲಿ ದುಂಡಗೆ ಬರೆದುಕೊಟ್ಟಳು. ಆ ಅಕ್ಷರಗಳು ನಮ್ಮ ಕನ್ನಡದ ಅಕ್ಷರಗಳ ಹಾಗೇ ಗುಂಡಗಿವೆ. ಅದರ ಅರ್ಥ ಇಷ್ಟು: "ನಾನು ಭಾರತದ ಟೀಚರ್. ಒಬ್ಬಳೇ ಕೂತು ಉಣ್ಣುವುದಿಲ್ಲ ಎಂದು ನಮ್ಮಮ್ಮನಿಗೆ ಮಾತು ಕೊಟ್ಟು ಬಂದಿದ್ದೇನೆ. ನಿಮ್ಮ ಜೊತೆ ಉಣ್ಣಬಹುದೇ?"

ಸಂಜೆ ಅದೇ ಅಂಗಡಿಗೆ ಹೋಗಿ ಒಡತಿಗೆ ಚೀಟಿ ಕೊಟ್ಟೆ. ಆಕೆ ಓದಿದಳು. ಇನ್ನೊಮ್ಮೆ ಗಟ್ಟಿಯಾಗಿ, ಇಡೀ ಅಂಗಡಿಗೆ ಕೇಳುವ ಹಾಗೆ ಓದಿದಳು. ನಾಲ್ಕು ಮೇಜಿನವರು ಒಟ್ಟಿಗೆ ಕುರ್ಚಿ ಎಳೆದರು. ಒಡತಿ ಒಲೆಯನ್ನು ಗಂಡನಿಗೆ ಒಪ್ಪಿಸಿ ತಾನೂ ಒಂದು ಬಟ್ಟಲು ಹಿಡಿದು ನನ್ನೆದುರು ಕೂತಳು, ಕೂತವಳು ಫೋನು ತೆಗೆದು ತನ್ನ ತಾಯಿಗೆ ಕರೆ ಮಾಡಿ ಚೀಟಿಯನ್ನು ಮೂರನೆಯ ಸಲ ಓದಿದಳು. ಆ ಕಡೆಯಿಂದ ಒಬ್ಬ ಮುದುಕಿ ಜೋರಾಗಿ ನಗುವುದು ನನಗೂ ಕೇಳಿಸಿತು. ಆ ಸಂಜೆ ನನಗಾದ ಖುಷಿಯನ್ನು ಏನು ಹೇಳಲಿ, ಶಾಲೆಗೆ ಸೇರಿದ ಮೊದಲ ದಿನ ಪಕ್ಕದ ಹುಡುಗಿ ಸ್ಲೇಟು ಕೊಟ್ಟಾಗ ಆಗಿತ್ತಲ್ಲ, ಅಂಥದ್ದು.

ಲಾಡ್ಜಿಗೆ ಬಂದು ಮನೆಗೆ ಫೋನು ಮಾಡಿದೆ. ಇಲ್ಲಿ ಬೇಗ ಉಣ್ಣುತ್ತಾರೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಏಳಕ್ಕೆ, ನಾನೂ ಅದೇ ಹೊತ್ತಿಗೆ ಉಣ್ಣುತ್ತೇನೆ ಎಂದು ಅವ್ವನಿಗೆ ವರದಿ ಒಪ್ಪಿಸಿದೆ.

"ಅಂಗಾ. ಈಗ ಅಲ್ಲಿ ಗಂಟೆ ಎಷ್ಟು ಮಗ?"

"ಎಂಟು ಕಣವ್ವ. ನಿಮಗಿಂತ ಒಂದೂವರೆ ಗಂಟೆ ಮುಂದೆ."

"ಅಂಗಾ" ಎಂದಳು ಮತ್ತೆ. ಫೋನಿನಲ್ಲಿ ಅವ್ವನ ಮಾತು ಯಾವಾಗಲೂ ಅಷ್ಟೇ.

ದಾರಿ

ಉತ್ತರದ ಲುವಾಂಗ್ ಪ್ರಬಾಂಗ್ ಊರಿಗೆ ಹೋಗುವ ರೈಲಿನ ಸೀಟುಗಳೆಲ್ಲ ಹೊಸ ವರ್ಷದ ಹಬ್ಬಕ್ಕೆ ಊರಿಗೆ ಹೋಗುವವರ ಪಾಲಾಗಿದ್ದವು. ನನಗೆ ಉಳಿದದ್ದು ಬಸ್ಸು. ಫ್ಯಾನುಗಳಿದ್ದವು, ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಅಜ್ಜಿಯ ತೊಡೆಯ ಮೇಲೆ ಮಾವಿನಕಾಯಿಯ ಬುಟ್ಟಿ, ಬುಟ್ಟಿಯ ಮೇಲೆ ಸುತ್ತಿದ ಚಾಪೆ. ಅಲ್ಲಿ ವಯಸ್ಸಾದ ಹೆಂಗಸರನ್ನು "ಮೇ" ಎಂದು ಕರೆಯುತ್ತಾರೆ, ಹಾಗೆಂದರೆ ಅವ್ವ. ನಾನೂ ಮೇ ಎಂದೆ. ಆಕೆ ಏನೋ ಕೇಳಿದಳು. ಹಿಂದಿನ ಸೀಟಿನಲ್ಲಿದ್ದ ಕಾಲೇಜು ಓದುವ ಯುವಕ ಇಂಗ್ಲಿಷಿನಲ್ಲಿ ಹೇಳಿದ: "ಊಟ ಆಯಿತಾ ಅಂತ ಕೇಳುತ್ತಿದ್ದಾರೆ." ಅಲ್ಲೂ ಎದುರಿಗೆ ಸಿಕ್ಕವರನ್ನು ಮಾತಾಡಿಸುವುದು ಹೀಗೇ ಅಂತೆ. ಸಾವಿರಾರು ಮೈಲಿ ಹಾರಿ ಬಂದರೂ ಕೇಳುವ ಪ್ರಶ್ನೆ ಹಲಗೂರಿನದೇ. ಒಂದೇ ವ್ಯತ್ಯಾಸ, ನಮ್ಮಲ್ಲಿ ಆಯ್ತು ಎಂದರೆ ಮಾತು ಮುಗಿಯುತ್ತದೆ, ಅಲ್ಲಿ ಆಯ್ತು ಎಂದರೂ ಬಾ ಇನ್ನೊಂದಿಷ್ಟು ಉಣ್ಣು ಎನ್ನುತ್ತಾರೆ.

ಬೆಟ್ಟದ ಏರಿನಲ್ಲಿ ಬಸ್ಸು ಹಬೆ ಬಿಟ್ಟು ನಿಂತಿತು. ಡ್ರೈವರ್ ಇಳಿದು ಮುಚ್ಚಳ ತೆಗೆದು ನೋಡಿ, ಮುಚ್ಚಳ ಹಾಕಿ, ಮರದ ನೆರಳಿಗೆ ಹೋಗಿ ಮಲಗಿಕೊಂಡ. ನಾನು ಕಾದೆ, ಈಗ ಯಾರಾದರೂ ಗಲಾಟೆ ಶುರು ಮಾಡುತ್ತಾರೆ ಎಂದು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕಂಡಕ್ಟರನ ಮೂರು ತಲೆಮಾರು ಹೊರಗೆ ಬಂದಿರುತ್ತಿತ್ತು. ಇಲ್ಲಿ ಎಲ್ಲರೂ ಇಳಿದು ಚಾಪೆ ಹಾಸಿದರು, ಊಟದ ಬುಟ್ಟಿಗಳನ್ನು ಬಿಚ್ಚಿದರು. ನಾನು ಅವಸರವಸರವಾಗಿ ನನ್ನ ಚೀಟಿ ತೆಗೆದೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಚೀಟಿಯನ್ನು ಪಕ್ಕಕ್ಕೆ ತಳ್ಳಿ ನನ್ನ ಮುಂಗೈ ಹಿಡಿದು ಎಳೆದು ಕೂರಿಸಿದಳು.

ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬೇಯಿಸಿದ ಅಂಟಕ್ಕಿಯ ಅನ್ನ. ಅದನ್ನು ಕೈಯಲ್ಲಿ ಮುರಿದು, ಉಂಡೆ ಮಾಡಿ, ಕುಟ್ಟಿದ ಮೆಣಸಿನಕಾಯಿಯ ಖಾರಕ್ಕೆ ಅದ್ದುತ್ತಾರೆ. ಆ ಖಾರ ನೋಡಿದರೆ ನಮ್ಮ ಉಪ್ಸಾರಿನ ಖಾರವೇ, ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು. ನನ್ನ ಬಾಯಲ್ಲಿ ನೀರೂರಿತು. ಕೈ ತಾನಾಗಿ ಕೆಲಸಕ್ಕಿಳಿಯಿತು. ಮುರಿದೆ, ಉಂಡೆ ಮಾಡಿದೆ, ಅದ್ದಿದೆ, ಬಾಯಿಗೆ ಹಾಕಿ ನುಂಗಿದೆ.

ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಅಗಿದರೆ ಪಕ್ಕದವರು ನಗುತ್ತಾರೆ. ನಲವತ್ತೊಂಬತ್ತು ವರ್ಷ ಹೀಗೇ ನುಂಗಿದ ಗಂಟಲಿಗೆ ಅಂಟಕ್ಕಿಗೂ ಮುದ್ದೆಗೂ ಇರುವ ವ್ಯತ್ಯಾಸ ಹೇಗೆ ತಿಳಿಯಬೇಕು? ಅದು ಅರ್ಧ ದಾರಿಯಲ್ಲಿ ನಮ್ಮ ಬಸ್ಸಿನ ಹಾಗೆಯೇ ನಿಂತುಬಿಟ್ಟಿತು. ಕಣ್ಣಲ್ಲಿ ನೀರು, ಉಸಿರಿಲ್ಲ. ಅಜ್ಜಿ ನನ್ನ ಬೆನ್ನಿಗೆ ಎರಡು ಗುದ್ದು ಕೊಟ್ಟಳು, ಅಂಥ ಗುದ್ದು ನಾನು ಶಾಲೆಗೆ ಚಕ್ಕರ್ ಹೊಡೆದ ದಿನ ಅವ್ವನಿಂದಲೂ ತಿಂದಿರಲಿಲ್ಲ. ಉಂಡೆ ಹೊರಗೆ ಬಂತು. ಡ್ರೈವರ್ ಕೂಡ ಎದ್ದು ಕೂತಿದ್ದ.

"ಯಾಕೆ ಅಗಿಯಲಿಲ್ಲ?" ಎಂದು ಯುವಕ ಕೇಳಿದ.

"ನಮ್ಮ ಕಡೆ ಅಗಿಯುವುದಿಲ್ಲ."

ಅವನು ಅನುವಾದ ಮಾಡಿದ. ಯಾರೋ ಏನೋ ಕೇಳಿದರು. ಅವನು ತಿರುಗಿ ನನಗೆ ಹೇಳಿದ: "ಅಗಿಯದಿದ್ದರೆ ರುಚಿ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತಿದ್ದಾರೆ."

ನನಗೆ ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ, "ರುಚಿ ಸಾರಿನಲ್ಲಿರುತ್ತದೆ" ಎಂದೆ. ಅದನ್ನು ಅನುವಾದ ಮಾಡಿದಾಗ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಅಜ್ಜಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಆಮೇಲಿನ ಪ್ರತಿ ತುತ್ತಿಗೂ ನನ್ನ ಗಲ್ಲ ಹಿಡಿದು, ತನ್ನ ದವಡೆ ಆಡಿಸಿ ತೋರಿಸಿ, ನನ್ನ ದವಡೆ ಆಡುತ್ತಿದೆಯೇ ಎಂದು ನೋಡಿ ಆಮೇಲೆ ಬಿಡುತ್ತಿದ್ದಳು. ಊರಿನ ಮಕ್ಕಳಿಗೆಲ್ಲ ಭಾಗಾಕಾರ ಹೇಳಿಕೊಡುವವಳಿಗೆ ರಸ್ತೆ ಬದಿಯಲ್ಲಿ ಅಗಿಯುವ ಪಾಠವಾಯಿತು. ಪ್ರತಿಯಾಗಿ ನಾನು ಮದ್ದೂರು ವಡೆ ಹಂಚಿದೆ. ಅಜ್ಜಿಗೆ ಹಲ್ಲು ನಾಲ್ಕೇ ಇದ್ದವು, ಆದರೂ ಬಸ್ಸು ರಿಪೇರಿಯಾಗಿ ಊರು ತಲುಪುವವರೆಗೆ ಒಂದು ವಡೆಯನ್ನು ಬಾಯಲ್ಲೇ ಇಟ್ಟುಕೊಂಡು ಕರಗಿಸಿದಳು.

ಲುವಾಂಗ್ ಪ್ರಬಾಂಗ್

ಊರು ಮುಟ್ಟಿ ಬೆನ್ನುಚೀಲ ಹೊತ್ತು ಬೀದಿಗೆ ಇಳಿದೆನಷ್ಟೇ, ಯಾರೋ ಒಂದು ಬಕೆಟ್ ನೀರನ್ನು ನನ್ನ ಮೇಲೆ ಸುರಿದು "ಹೊಸ ವರ್ಷ" ಎಂದು ಕೂಗಿದರು.

ಅದು ಅವರ ಹಬ್ಬ. ಏಪ್ರಿಲ್ ನಡುವೆ ವರ್ಷ ಹುಟ್ಟುತ್ತದೆ, ಮೂರು ದಿನ ಊರೆಲ್ಲ ನೀರಾಡುತ್ತದೆ. ಮೊದಲು ಬುದ್ಧನಿಗೆ ಮಲ್ಲಿಗೆ ಹಾಕಿದ ನೀರಿನ ಅಭಿಷೇಕ, ಆಮೇಲೆ ಹಿರಿಯರ ಕೈಗೆ, ಆಮೇಲೆ ದಾರಿಯಲ್ಲಿ ಸಿಕ್ಕವರಿಗೆಲ್ಲ. ಪೈಪು, ಪಿಚಕಾರಿ, ಡ್ರಮ್ಮು ಹೊತ್ತ ಟ್ರಕ್ಕುಗಳು. ನೀರು ಮೋರಿಯಲ್ಲಿ ಹರಿದು ಹೋಗುತ್ತಿತ್ತು. ಮಳವಳ್ಳಿ ಕಡೆಯವರು ನಾವು, ನಾಲೆಯ ಕೊನೆ ಭಾಗದವರು. ನಮ್ಮ ಗದ್ದೆಗೆ ನೀರು ಬರುವಷ್ಟರಲ್ಲಿ ಮೇಲಿನವರ ಗದ್ದೆಯಲ್ಲಿ ಪೈರು ಮೊಣಕಾಲುದ್ದ ಬೆಳೆದಿರುತ್ತದೆ. ನೀರಿಗಾಗಿ ರಸ್ತೆಯಲ್ಲಿ ಕೂತವರು, ನೀರಿನ ಮಾತೆತ್ತಿದರೆ ಮದುವೆ ಮನೆಯಲ್ಲೂ ಜಗಳವಾಡುವವರು. ನನಗೆ ತಡೆಯಲಾಗಲಿಲ್ಲ, ಬೀದಿಯ ನಡುವೆ ನಿಂತು ಕನ್ನಡದಲ್ಲೇ ಕೂಗಿದೆ.

"ಅಯ್ಯೋ, ನೀರು ಕಣ್ರಲಾ ಅದು! ಯಾಕ್ರಲಾ ಇಂಗೆ ಚೆಲ್ತೀರಿ!"

ಅವರಿಗೆ ಅದು ಹಬ್ಬದ ಹಾರೈಕೆಯೆಂದು ಅನ್ನಿಸಿರಬೇಕು, ಇನ್ನೊಂದು ಬಕೆಟ್ ಸುರಿದರು.

ನಾನು ಉಳಿದುಕೊಂಡ ಮನೆಯ ಒಡತಿ ಮೇ ಕಾಮ್ ಎಂಬಾಕೆ. ನನ್ನ ವಯಸ್ಸಿನವಳೇ, ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾಳೆ, ಮಗಳಿಗೆ ಇಂಗ್ಲಿಷ್ ಬರುತ್ತದೆ. ಒದ್ದೆ ಕೋಳಿಯ ಹಾಗೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಆಕೆ ನಗಲಿಲ್ಲ. ಬೆಳ್ಳಿಯ ಪುಟ್ಟ ಬಟ್ಟಲಲ್ಲಿ ಮಲ್ಲಿಗೆ ನೀರು ತಂದು, ಹಾಕಲೇ ಎಂದು ಕಣ್ಣಲ್ಲೇ ಕೇಳಿ, ನನ್ನ ಭುಜದ ಮೇಲೆ ನಿಧಾನವಾಗಿ ಸುರಿದಳು. ಹಳೇ ವರ್ಷದ ಕಷ್ಟವೆಲ್ಲ ತೊಳೆದು ಹೋಗಲಿ ಎಂದು ಅದರ ಅರ್ಥವಂತೆ. ಸ್ವಲ್ಪ ಹೊತ್ತಿಗೆ ನಾನೇ ಬಾಗಿಲಲ್ಲಿ ಡ್ರಮ್ಮಿನ ಪಕ್ಕ ನಿಂತಿದ್ದೆ. ಎರಡು ದಿನ ಸುರಿದೆ, ಸುರಿಸಿಕೊಂಡೆ, ಕಿರುಚಿದೆ. ಒಬ್ಬ ಪೊಲೀಸಿನವನಿಗೂ ಒಂದು ಚೊಂಬು ಸುರಿದೆ, ಅವನು ಟೋಪಿ ತೆಗೆದು ಬಗ್ಗಿ ನಿಂತ. ಇಷ್ಟು ನಕ್ಕದ್ದು ಯಾವಾಗ ಎಂದು ನೆನಪಿಸಿಕೊಂಡೆ, ನೆನಪಾಗಲಿಲ್ಲ. ಊಟಕ್ಕೆ ಚೀಟಿಯೇ ಬೇಕಾಗಲಿಲ್ಲ. ಆ ಮನೆಯಲ್ಲಿ ಬಿದಿರಿನ ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಅಡುಗೆ ಮಾಡಿದವಳೂ ಸೇರಿ. ಮೇ ಕಾಮ್ ಕೂರುವವರೆಗೆ ಯಾರೂ ಬುಟ್ಟಿಯ ಮುಚ್ಚಳ ತೆಗೆಯುತ್ತಿರಲಿಲ್ಲ.

ಸಂಜೆ ಫೋನು ಮಾಡಿದರೆ ಅತ್ತಿಗೆಯ ದೂರು.

"ರತ್ನ, ನಿಮ್ಮವ್ವಂಗೆ ಏನೋ ಆಗೈತೆ ಕಣೆ. ಇನ್ನೂ ದನ ಮನೆಗ್ ಬಂದಿರಾಕಿಲ್ಲ, ಐದೂವರೆಗೆಲ್ಲ ಒಲೆ ಹಚ್ಚು, ಮುದ್ದೆ ತೊಳ್ಸು ಅಂತಾರೆ. ಬೆಳಿಗ್ಗೆ ಅತ್ತೂವರೆಗೆ ಇನ್ನೊಂದ್ಸಲ ತಟ್ಟೆ ಮುಂದೆ ಕೂತ್ಕತಾರೆ. ಯಾಕತ್ತೆ ಅಂದ್ರೆ ಅಸಿವು ಅಂತಾರೆ. ಸಕ್ಕರೆ ಕಾಯ್ಲೆ ಏನಾರ ಬಂದೈತಾ?"

ನನಗೆ ಗಾಬರಿಯಾಯಿತು. ಅವ್ವ ಹಸಿವು ಎಂದದ್ದನ್ನು ನಾನು ಕೇಳಿಯೇ ಇಲ್ಲ. ನಮ್ಮ ಮನೆಯಲ್ಲಿ ಅವಳು ಯಾವಾಗಲೂ ಕೊನೆಗೆ ಉಣ್ಣುವವಳು. ಅಪ್ಪ, ಅಣ್ಣ, ನಾವು, ಆಳುಕಾಳು, ಬಂದವರು ಹೋದವರು ಎಲ್ಲರದೂ ಆದ ಮೇಲೆ, ತಳದಲ್ಲಿ ಉಳಿದ ಆರಿದ ಮುದ್ದೆಯನ್ನು ಅಡುಗೆಮನೆಯ ಬಾಗಿಲ ಹಿಂದೆ ಕೂತು ಉಣ್ಣುತ್ತಿದ್ದಳು. ಅತ್ತಿಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಅಂಥವಳಿಗೆ ಐದೂವರೆಗೆ ಹಸಿವೇ? ಬಂದ ತಕ್ಷಣ ಮಂಡ್ಯಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸೋಣ ಎಂದೆ. ಅವ್ವನಿಗೆ ಫೋನು ಕೊಟ್ಟರು.

"ಈಗ ಅಲ್ಲಿ ಗಂಟೆ ಎಷ್ಟು ಮಗ?" ಎಂದಳು.

ಗುರುವಾರ

ಹಬ್ಬದ ಮೂರನೆಯ ದಿನ ನನ್ನ ನಗುವಿಗೆ ಶಾಸ್ತಿಯಾಯಿತು. ಮಂಡ್ಯದ ಬಿಸಿಲು ಕಂಡವಳು ಎಂದು ಟೋಪಿಯಿಲ್ಲದೆ ಎರಡು ದಿನ ಕುಣಿದಿದ್ದೆನಲ್ಲ, ಬೆಳಿಗ್ಗೆ ಏಳಲು ಹೋದರೆ ಕೋಣೆಯೇ ತಿರುಗಿತು. ಮೈ ಸುಡುತ್ತಿತ್ತು, ವಾಂತಿಯಾಯಿತು. ನಮ್ಮ ಬಿಸಿಲು ಒಣ ಬಿಸಿಲು, ನೆರಳಿಗೆ ಬಂದರೆ ಬಿಟ್ಟುಬಿಡುತ್ತದೆ. ಅಲ್ಲಿಯದು ಬೆವರಿನ ಬಿಸಿಲು, ಹಿಂದೆಯೇ ಕೋಣೆಗೂ ಬರುತ್ತದೆ.

ಅವತ್ತು ಮೇ ಕಾಮ್‌ಳ ಮನೆಯವರೆಲ್ಲ ಹಳ್ಳಿಯಲ್ಲಿರುವ ಅಜ್ಜಿಯ ಕೈಗೆ ನೀರು ಹಾಕಲು ಹೋಗಲೇಬೇಕಿತ್ತು. ಹೋಗುವುದಿಲ್ಲ ಎಂದು ಆಕೆ ಹಟ ಹಿಡಿದಳು, ನಾನು ದಬಾಯಿಸಿ ಕಳಿಸಿದೆ. ಔಷಧದ ಅಂಗಡಿಯಿಂದ ಮಾತ್ರೆ ತರಿಸಿಕೊಟ್ಟು, ಅಕ್ಕಿ ಗಂಜಿ ಮಾಡಿ ಮುಚ್ಚಿಟ್ಟು, ಬಾಳೆಹಣ್ಣು, ನೀರು ಎಲ್ಲ ಕೈಗೆಟುಕುವ ಹಾಗಿಟ್ಟು ಹೋದಳು. ಮಾತ್ರೆಯನ್ನು ಸಂಜೆ ಏಳಕ್ಕೆ, ಊಟದ ಮೇಲೆ ತೆಗೆದುಕೊಳ್ಳಬೇಕು ಎಂದು ಮಗಳು ಎರಡು ಸಲ ಹೇಳಿದಳು.

ಹಗಲೆಲ್ಲ ನಿದ್ದೆ. ಎದ್ದಾಗ ಗೋಡೆಯ ಗಡಿಯಾರದಲ್ಲಿ ಏಳಕ್ಕೆ ಐದು ನಿಮಿಷ. ಚೀಟಿ ಹಿಡಿದು ಬೀದಿಗೆ ಹೋಗೋಣವೆಂದರೆ ಮೆಟ್ಟಿಲು ಇಳಿಯಲು ಕಾಲಿಗೆ ಶಕ್ತಿಯಿಲ್ಲ. ಅಂಗಳದಲ್ಲಿ ಒಂದು ಬೆಕ್ಕು ಮೀನಿನ ತಲೆ ತಿನ್ನುತ್ತಿತ್ತು. ಅದೂ ಉಣ್ಣುತ್ತಿದೆ, ಇದೇ ಹೊತ್ತಿಗೆ ಉಣ್ಣುತ್ತಿದೆ, ನಾನು ಉಣ್ಣುತ್ತಿರುವುದು ಅದಕ್ಕೆ ತಿಳಿದಿದೆಯೇ? "ಏಯ್, ನೋಡಿಲ್ಲಿ" ಎಂದು ಬಟ್ಟಲು ಎತ್ತಿ ತೋರಿಸಿದೆ. ಬೆಕ್ಕು ಮೀನಿನ ತಲೆ ಕಚ್ಚಿಕೊಂಡು ಗೋಡೆ ಹಾರಿ ಹೋಯಿತು.

ಸರಿಯಾಗಿ ಏಳಕ್ಕೆ ಒಬ್ಬಳೇ ಕೂತು ಗಂಜಿ ಉಂಡೆ. ಗಂಜಿಗೆ ಅಗಿಯುವುದೂ ಬೇಡ, ನುಂಗುವುದೂ ಬೇಡ, ತಾನಾಗಿ ಇಳಿಯುವ ವಸ್ತು ಅದು. ಆದರೂ ಇಳಿಯಲಿಲ್ಲ. ಒಬ್ಳೇ ಉಂಡ್ರೆ ಅನ್ನ ಗಂಟ್ಲಲ್ಲಿ ಇಳಿಯಾಕಿಲ್ಲ, ನಂಗೊತ್ತು. ಅವ್ವನ ಆ ಮಾತು ಆಗ ನನಗೆ ಸರಿಯಾಗಿ ಕೇಳಿಸಿತು. ಅವಳಿಗೆ ಹೇಗೆ ಗೊತ್ತು? ನಾವೆಲ್ಲ ಉಂಡು ಎದ್ದು ಹೋದ ಮೇಲೆ ಬಾಗಿಲ ಹಿಂದೆ ಅವಳು ಆರಿದ ಮುದ್ದೆಯ ಮುಂದೆ ಕೂತಿರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ನೂರು ಸಲ ಆ ಬಾಗಿಲ ಮುಂದೆ ಓಡಾಡಿದ್ದೇನೆ, ಒಂದು ಸಲವೂ ಪಕ್ಕದಲ್ಲಿ ಕೂತವಳಲ್ಲ. ಬಟ್ಟಲು ಮಡಿಲಲ್ಲಿಟ್ಟುಕೊಂಡು ಚೆನ್ನಾಗಿ ಅತ್ತುಬಿಟ್ಟೆ. ಜ್ವರ ಇದ್ದಾಗ ಅಳು ಬೇಗ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ, ಆದರೆ ಅದು ಜ್ವರದ ಅಳುವಲ್ಲ.

ಗಂಜಿ ಮುಗಿಸಿದೆ, ಮಾತ್ರೆ ನುಂಗಿದೆ. ಮಾತು ಮುರಿದಿತ್ತು. ಫೋನಿನಲ್ಲಿ ಹೇಳಲು ಧೈರ್ಯವಾಗಲಿಲ್ಲ, ಎದುರಿಗೇ ಹೇಳಬೇಕು ಎಂದುಕೊಂಡೆ. ಬೆಳಿಗ್ಗೆ ಮೇ ಕಾಮ್ ಬಂದಳು, ಜ್ವರ ಬಿಟ್ಟಿತ್ತು. ಉಳಿದ ನಾಲ್ಕು ದಿನ ಚೆನ್ನಾಗಿ ತಿರುಗಿದೆ, ಹೊಳೆಯಲ್ಲಿ ದೋಣಿ ಹತ್ತಿದೆ, ಟೋಪಿ ಹಾಕಿಕೊಂಡೆ. ಹೊರಡುವ ದಿನ ಆಕೆ ನನ್ನ ಚೀಟಿಯನ್ನು ಕೇಳಿ ಇಸಿದುಕೊಂಡು ತನ್ನ ಊಟದ ಮೇಜಿನ ಮೇಲಿನ ಗೋಡೆಗೆ ಅಂಟಿಸಿದಳು. ಒಬ್ಬರೇ ಬರುವವರಿಗೆಲ್ಲ ಇನ್ನು ಮೇಲೆ ಅದನ್ನು ಓದಿ ಹೇಳುತ್ತಾಳಂತೆ.

ಮತ್ತೆ ಹಲಗೂರು

ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದರೆ ಅವ್ವ ಜಗಲಿಯ ಮೇಲೆ ಕೂತಿದ್ದಳು. ಚೀಲ ಇಳಿಸುವ ಮೊದಲೇ ಹೇಳಿಬಿಟ್ಟೆ.

"ಅವ್ವ, ಒಂದೊತ್ತು ಒಬ್ಳೇ ಉಂಡ್ಬುಟ್ಟೆ."

ಅವ್ವ ನನ್ನ ಮುಖ ನೋಡಿದಳು. ಅತ್ತಿಗೆ ನೀರಿನ ಚೊಂಬು ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

"ಯಾವತ್ತು?"

"ಗುರುವಾರ. ಜ್ವರ ಬಂದಿತ್ತು. ಮನೇಲಿ ಯಾರೂ ಇರ್ಲಿಲ್ಲ."

"ಎಷ್ಟೊತ್ಗೆ?"

"ಸಂಜೆ ಏಳಕ್ಕೆ."

"ಅಲ್ಲಿ ಏಳಾ?"

"ಊಂ."

ಅವ್ವ ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದಳು, ನಿಧಾನವಾಗಿ ಒಂದು ಎಲೆ ಒರೆಸಿದಳು.

"ಅಂಗಾರೆ ಒಬ್ಳೇ ಎಲ್ಲುಂಡೆ? ಐದೂವರೆಗೆ ನಾನೂ ಉಣ್ತಾ ಇದ್ನಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಗಣಿತದ ಟೀಚರಂತೆ ನಾನು! ಏಳರಲ್ಲಿ ಒಂದೂವರೆ ಕಳೆದರೆ ಐದೂವರೆ, ಹನ್ನೆರಡರಲ್ಲಿ ಕಳೆದರೆ ಹತ್ತೂವರೆ. ಹಸಿವೂ ಅಲ್ಲ, ಸಕ್ಕರೆಯೂ ಅಲ್ಲ. ನನಗೆ ಯಾರೂ ಜೊತೆ ಸಿಗದೆ ಹೋದರೆ ಎಂದು ಅವಳು ದಿನಾ ಎರಡು ಹೊತ್ತು, ಗಡಿಯಾರ ನೋಡಿಕೊಂಡು, ಎಲ್ಲರಿಗಿಂತ ಮುಂಚೆ ತಟ್ಟೆ ಹಾಕಿಕೊಂಡು ನನ್ನ ಜೊತೆ ಉಂಡಿದ್ದಳು. ಟಿಕೆಟ್ಟಿನ ಹಿಂದೆ ಬರೆದ ನನ್ನ ವ್ಯಾಖ್ಯೆ ನೆನಪಾಯಿತು. ಅವಳೂ ಉಣ್ಣುತ್ತಿದ್ದಳು, ಅದೇ ಹೊತ್ತಿಗೆ ಉಣ್ಣುತ್ತಿದ್ದಳು, ನಾನು ಉಣ್ಣುತ್ತಿದ್ದೇನೆಂದು ಅವಳಿಗೆ ತಿಳಿದಿತ್ತು. ಎದುರಿಗೇ ಇರಬೇಕು ಎಂದು ನಾನು ಬರೆದಿರಲೇ ಇಲ್ಲ.

"ಅಯ್ಯೋ ಅತ್ತೆ, ಬಾಯ್ಬುಟ್ಟು ಒಂದ್ ಮಾತು ಯೋಳ್ಬಾರ್ದಾ? ನಾನು ಕಾಯ್ಲೆ ಅಂತ ಎದ್ರಿ ಸಾಯ್ತಿದ್ದೆ" ಎಂದು ಅತ್ತಿಗೆ ಚೊಂಬನ್ನು ನೆಲಕ್ಕೆ ಕುಕ್ಕಿದರು. ನಾನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಲೇ ನಕ್ಕೆ. "ಎದ್ದೇಳೇ, ಬೆವರು ನಾತ" ಎಂದಳು ಅವ್ವ, ಆದರೆ ತಲೆ ಸವರುವುದನ್ನು ನಿಲ್ಲಿಸಲಿಲ್ಲ.

ಸಂಜೆ ದನ ಇನ್ನೂ ಮನೆಗೆ ಬಂದಿರಲಿಲ್ಲ. ಒಳಗಿನಿಂದ ಅವ್ವನ ದನಿ ಕೇಳಿಸಿತು.

"ಮುದ್ದೆ ತೊಳ್ಸವ್ವ. ಐದೂವರೆ ಆಗ್ತಾ ಬಂತು."

"ಇನ್ಯಾಕತ್ತೆ? ರತ್ನ ಬಂದಾಯ್ತಲ್ಲ" ಎಂದರು ಅತ್ತಿಗೆ.

"ಬಂದ್ರೆ ಬರ್ಲಿ ಬುಡು. ಬಿಸಿ ಮುದ್ದೆ ಅಂದ್ರೆ ಏನು ಅಂತ ನಂಗೆ ಈಗ್ ಗೊತ್ತಾಗೈತೆ. ಇನ್ನ ಆರಿದ್ದು ನನ್ ಕೈಲಾಗಾಕಿಲ್ಲ."

ಅತ್ತಿಗೆ ಗೊಣಗುತ್ತಾ ಒಲೆ ಹಚ್ಚಿದರು, ಗೊಣಗುತ್ತಲೇ ನಗುತ್ತಿದ್ದರು. ನನಗೆ ಹಸಿವಿರಲಿಲ್ಲ. ಆದರೂ ಮೂರು ತಟ್ಟೆ ತಂದು ನಡುಮನೆಯಲ್ಲಿ ಹಾಕಿ, ಅತ್ತಿಗೆಯನ್ನೂ ಎಳೆದು ಕೂರಿಸಿ, ಅವ್ವನ ಎದುರಿಗೆ ಕೂತೆ. ಹಬೆಯಾಡುವ ಮುದ್ದೆ, ಉಪ್ಸಾರು. ನಾನು ಮುರಿದು, ಅದ್ದಿ, ಬಾಯಿಗಿಟ್ಟು ಅಗಿಯತೊಡಗಿದೆ. ಬಸ್ಸಿನ ಅಜ್ಜಿಯ ಪಾಠ ಅಷ್ಟು ಬೇಗ ಮರೆಯುವಂಥದ್ದಲ್ಲ. ಅವ್ವ ಕೈ ತಡೆದು ನನ್ನ ದವಡೆಯನ್ನೇ ನೋಡಿದಳು.

"ಅದೇನೇ ಅದು, ದನ ಮೆಲುಕಾಕ್ದಂಗೆ? ಅಲ್ಲಿಗೋಗಿ ಇದನ್ನಾ ಕಲ್ತ್ಕಂಡು ಬಂದೆ?"

"ಇನ್ನೂ ಬೇಕಾದಷ್ಟು ಕಲ್ತಿದೀನಿ ಕಣವ್ವ" ಎಂದೆ. ಆಮೇಲೆ ಧೈರ್ಯ ಮಾಡಿ, ತಟ್ಟೆಯನ್ನೇ ನೋಡುತ್ತಾ ಕೇಳಿದೆ: "ಮುಂದಿನ್ ಬ್ಯಾಸ್ಗೆಗೆ ಇನ್ನೊಂದ್ ಕಡೆ ಓಗ್ಲಾ?"

ಅವ್ವ ತನ್ನ ತುತ್ತನ್ನು ನುಂಗಿ, ಸಾರಿಗೆ ಬೆರಳಾಡಿಸಿ, ಇನ್ನೊಂದು ತುತ್ತು ಮುರಿದುಕೊಂಡಳು.

"ಎಲ್ಲಿಗೆ ಅಂತ ನಂಗ್ಯಾಕೆ? ಅಲ್ಲಿ ಎಷ್ಟೊತ್ಗೆ ಉಣ್ತಾರೆ, ಅಷ್ಟು ಯೋಳು."